ಆ ಹಲ್ಲಿ ನಾನೇ

ನಮ್ಮ ಮದುವೆ ಹೊನ್ನಾಳಿಯಲ್ಲೇ ಆಗಲಿ ಎಂದು ನುಡಿದದ್ದು ಹಲ್ಲಿಯಲ್ಲ — ನಾನು. ಮದುವೆಯಾದ ಮೇಲೆ ನಾವು ಜಗಳೂರಿನಲ್ಲಿ ಬೇರೆ ಮನೆ ಮಾಡಬೇಕು ಎಂದು ನುಡಿದದ್ದೂ ನಾನೇ. ಎರಡು ಸಲವೂ ನನ್ನ ಅತ್ತೆ ಭಕ್ತಿಯಿಂದ ಗೋಡೆಯತ್ತ ನೋಡಿದರು. ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ.

ಇಷ್ಟು ಬರೆದ ಮೇಲೆ ಮನಸ್ಸು ಹಗುರಾಗಬೇಕಿತ್ತು. ಆಗಿಲ್ಲ. ಬದಲಿಗೆ ನಗು ಬರುತ್ತಿದೆ — ನಾಚಿಕೆಯೂ ಅದಕ್ಕೇ.

ಚನ್ನಗಿರಿಯ ಕಾನ್ವೆಂಟಿನಲ್ಲಿ ನಾನು ಬಹಳ ಸಾಧು ಹುಡುಗಿ. ಕಾಲುಚೀಲ ಮೊಣಕಾಲಿನವರೆಗೆ, ಜಡೆಗೆ ರಿಬ್ಬನ್ನು, ಬಾಯಿಗೆ ಬೀಗ. ಆದರೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟು, ತುಟಿ ಅಲುಗದಂತೆ, ಥೇಟ್ ಹಲ್ಲಿಯ ಹಾಗೆ ಲೊಚಗುಟ್ಟುವುದು ನನಗೆ ಬರುತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡೇ ಆ ಕೆಲಸ ಮಾಡುತ್ತಿದ್ದೆ. ಸಿಸ್ಟರ್ ಕೋಲು ಹಿಡಿದು ಗೋಡೆಗಳನ್ನೆಲ್ಲ ಹುಡುಕುತ್ತಿದ್ದರು. ನನ್ನ ಮೇಲೆ ಅವರಿಗೆ ಒಂದು ದಿನವೂ ಅನುಮಾನ ಬರಲಿಲ್ಲ. ಸಾಧು ಮುಖದಿಂದ ಎಷ್ಟು ಅನುಕೂಲವಿದೆ ಎಂದು ನನಗೆ ತಿಳಿದದ್ದು ಅಲ್ಲೇ.

ರುದ್ರೇಶರ ಜೊತೆ ಮದುವೆ ನಿಶ್ಚಯವಾದಾಗ ಛತ್ರದ ಮಾತು ಬಂತು. ಅವರ ತಾಯಿ, ಎಂದರೆ ನನ್ನ ಅತ್ತೆ, ನ್ಯಾಮತಿಯವರು. ಅವರ ಮನೆಯ ಪಕ್ಕದಲ್ಲೇ ಒಂದು ಸಮುದಾಯ ಭವನ. ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿ ತೋರಿಸಿದರು. ಅವರಿಬ್ಬರೂ ಊಟದ ಹಾಲ್ ಅಳೆಯುತ್ತಿದ್ದಾಗ ನಾನು ಮದುಮಗಳ ಕೋಣೆ ನೋಡಿದೆ. ಕನ್ನಡಿ ಬಿರುಕು ಬಿಟ್ಟಿತ್ತು. ನನಗೆ ಎರಡು ಮೂಗು ಕಂಡವು. ಬಚ್ಚಲಿನ ಬಾಗಿಲಿಗೆ ಚಿಲಕವಿಲ್ಲ, ಒಂದು ಹಗ್ಗ. ಒಳಗೆ ಹೋದವರು ಆ ಹಗ್ಗವನ್ನು ಎಳೆದು ಹಿಡಿದುಕೊಂಡೇ ಇರಬೇಕು. ರೇಷ್ಮೆ ಸೀರೆ ಉಟ್ಟು, ಒಂದು ಕೈಯಲ್ಲಿ ಹಗ್ಗ ಹಿಡಿದು — ಮುಂದಿನದನ್ನು ಯೋಚಿಸುವ ಧೈರ್ಯವಾಗಲಿಲ್ಲ.

ಆಮೇಲೆ ರುದ್ರೇಶರು ಬೈಕಿನಲ್ಲಿ ನನ್ನನ್ನು ಹೊನ್ನಾಳಿಗೆ ಕರೆದುಕೊಂಡು ಹೋಗಿ ಇನ್ನೊಂದು ಛತ್ರ ತೋರಿಸಿದರು. ಅಲ್ಲಿ ಕನ್ನಡಿ ನೆಟ್ಟಗಿತ್ತು. ಚಿಲಕ ಎಷ್ಟು ಗಟ್ಟಿಯಿತ್ತೆಂದರೆ ನಾನು ಒಳಗಿನಿಂದ ಸುಮ್ಮನೆ ಹಾಕಿ ಹಾಕಿ ತೆಗೆದೆ. "ಇನ್ನೂ ಮುಗೀಲಿಲ್ವಾ?" ಎಂದು ಅವರು ಹೊರಗಿನಿಂದ ಕೂಗಿದರು.

ತೀರ್ಮಾನಕ್ಕೆಂದು ಹಿರಿಯರು ಚನ್ನಗಿರಿಯ ನಮ್ಮ ಮನೆಯಲ್ಲಿ ಚಾಪೆ ಹಾಸಿ ಕೂತರು. ನಾನು ಮಂಡಕ್ಕಿ, ಮೆಣಸಿನಕಾಯಿಯ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ.

"ನ್ಯಾಮತೀಲೇ ಮಾಡಾನ ಬೀಗ್ರೇ," ಎಂದರು ಅತ್ತೆ. "ಮನೆ ಮಗ್ಗುಲಾಗೇ ಐತೆ. ಸಾರಿಗೆ ಉಪ್ಪು ಕಡಿಮೆ ಆದ್ರೂ ಓಡಿಹೋಗಿ ತರಬೌದು." ಆಮೇಲೆ ನನ್ನ ಕಡೆ ತಿರುಗಿದರು. "ನಿನಗೆ ಹೆಂಗನಿಸ್ತೈತವ್ವ? ಹೇಳು, ಸಂಕೋಚ ಬ್ಯಾಡ."

ಇದನ್ನು ಮರೆಮಾಚಬಾರದು — ಅವರು ಕೇಳಿದರು. ಎಲ್ಲರೆದುರಿಗೆ, ನನ್ನನ್ನೇ ಕೇಳಿದರು. ನಾನು ತಲೆ ತಗ್ಗಿಸಿ, "ನೀವು ಹೇಳಿದ ಹಾಗೆ ಅತ್ತೆ" ಎಂದೆ.

ಆಗ ಅಪ್ಪಾಜಿ, "ಹೊನ್ನಾಳಿ ಆದ್ರೆ ಎರಡೂ ಕಡೆಯೋರಿಗೆ ನಡುವಾಗ್ತೈತೆ" ಎಂದರು. ಅವರ ಮಾತು ಮುಗಿಯುತ್ತಿದ್ದಂತೆ — ಲೊಚ್ ಲೊಚ್ ಲೊಚ್.

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನಮ್ಮ ಕಡೆ ಆ ಮಾತು ಸತ್ಯ. ಅತ್ತೆ ತಕ್ಷಣ ಬೆರಳಿನಿಂದ ನೆಲ ಕುಟ್ಟಿ, "ಸತ್ಯ, ಸತ್ಯ" ಎಂದರು. "ಹಲ್ಲೀನೇ ನುಡೀತಲ್ಲ, ಇನ್ನೇನೈತೆ? ಹೊನ್ನಾಳೀನೇ ಆಗ್ಲಿ." ಮದುವೆಯ ದಿನ ಬಂದವರಿಗೆಲ್ಲ ಅದನ್ನೇ ಹೇಳಿದರು. ಹಲ್ಲಿ ಗೊತ್ತುಮಾಡಿದ ಛತ್ರವೆಂದು ಜನ ಗೋಡೆಗೂ ಒಂದು ನಮಸ್ಕಾರ ಹಾಕಿದರು.

ಅಲ್ಲಿಗೇ ನಿಲ್ಲಿಸಿದ್ದರೆ ಇದು ಬರೀ ತಮಾಷೆಯಾಗಿ ಉಳಿಯುತ್ತಿತ್ತು.

ರುದ್ರೇಶರ ಕೆಲಸ ಜಗಳೂರಿನಲ್ಲಿ. ನಾವಿಬ್ಬರೂ ಅಲ್ಲಿ ಮನೆ ಹುಡುಕಿದೆವು. ಒಂದು ಮನೆಯಲ್ಲಿ ಬಚ್ಚಲಿಗೆ ಹೋಗಬೇಕಾದರೆ ಮಾಲೀಕರು ಟೀವಿ ನೋಡುವ ಹಾಲ್ ದಾಟಬೇಕು — "ಸೀರಿಯಲ್ ಟೈಮಾಗೆ ಮಾತ್ರ ಬರಬ್ಯಾಡ್ರಿ" ಎಂದು ಆ ಯಜಮಾನಿ ಮೊದಲೇ ಹೇಳಿದರು. ಇನ್ನೊಂದರಲ್ಲಿ ಅಡುಗೆಕಟ್ಟೆ ನನ್ನ ಗಲ್ಲದ ಎತ್ತರಕ್ಕಿತ್ತು. ಕೊನೆಗೆ ನೀಲಿ ಕಿಟಕಿಯ ಪುಟ್ಟ ಮನೆಯೊಂದು ಸಿಕ್ಕಿತು. ಸೂಜಿಮಲ್ಲಿಗೆ ಬಳ್ಳಿ, ಬಿಸಿಲು ಬೀಳುವ ಮೆಟ್ಟಿಲು, ಒಳ್ಳೆಯ ಚಿಲಕ.

ಅತ್ತೆಗೆ ಬೇರೆ ಆಸೆಯಿತ್ತು. "ರುದ್ರ ಶನಿವಾರ ಶನಿವಾರ ಬರ್ಲಿ. ಹುಡುಗಿ ನನ್ನ ಜೊತೆಗಿರ್ಲಿ. ಮಹಡಿ ಮ್ಯಾಲಿನ ರೂಮ್ ರೆಡಿ ಮಾಡ್ಸೀನಿ. ಒಳ್ಳೆ ದಿನ ನೋಡಿ ಬೀಗ ತೆಗೀತೀನಿ." ಮಾವ ಹೋದ ಮೇಲೆ ಆ ಮನೆಯಲ್ಲಿ ಅವರ ಮಾತಿಗೆ ಹೂಂಗುಟ್ಟುತ್ತಿದ್ದುದು ಪ್ರೆಶರ್ ಕುಕ್ಕರ್ ಒಂದೇ, ಎಂದು ಅವರೇ ನಗುತ್ತಿದ್ದರು. ನಾನೂ ನಕ್ಕಿದ್ದೆ.

ರುದ್ರೇಶರು ತಟ್ಟೆಯ ಅನ್ನ ಕಲಸುತ್ತ, "ಇಬ್ರೂ ಜಗಳೂರಿಗೇ ಹೋಗ್ತೀವಿ ಕಣವ್ವ" ಎಂದು ಗೊಣಗಿದರು.

ಲೊಚ್ ಲೊಚ್ ಲೊಚ್.

ಅತ್ತೆ ಬಹಳ ಹೊತ್ತು ಗೋಡೆ ನೋಡಿದರು. ನಿಧಾನವಾಗಿ ನೆಲ ಕುಟ್ಟಿದರು. "ಹೋಗ್ಬರ್ರಿ," ಎಂದರು. ಈ ಸಲ "ಸತ್ಯ" ಅನ್ನಲಿಲ್ಲ.

ಯುಗಾದಿಗೆ ನ್ಯಾಮತಿಗೆ ಹೋದಾಗ ಮಹಡಿಯ ಬೀಗ ತೆಗೆದು ಕೊಟ್ಟರು. ಗೋಡೆಗೆ ತಿಳಿ ಗುಲಾಬಿ ಬಣ್ಣ. ಆಳುದ್ದದ ಕನ್ನಡಿ, ಮೇಲೊಂದು ಬಲ್ಬು. ಬಚ್ಚಲಿನ ಬಾಗಿಲಿಗೆ ಹಿತ್ತಾಳೆಯ ದಪ್ಪ ಚಿಲಕ. ನಾನು ಅದನ್ನು ಮುಟ್ಟಿ ನಿಂತಿದ್ದೆ.

"ಛತ್ರದಾಗೆ ಆ ಹಗ್ಗ ನೋಡಿ ಹೊರಗೆ ಬಂದಾಗ ನಿನ್ನ ಮುಖ ಸಣ್ಣಗಾಗಿತ್ತಲ್ಲವ್ವ," ಎಂದರು ಅತ್ತೆ. "ಅದಕ್ಕೇ ಮೊದಲು ಇದನ್ನ ಹಾಕಿಸ್ದೆ."

ಸಣ್ಣಪುಟ್ಟದ್ದನ್ನೆಲ್ಲ ಗಮನಿಸುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ — ಒಬ್ಬಟ್ಟು ತಿಂದೆ.

ವರ್ಷಗಳು ಕಳೆದು ಈಗ ಚನ್ನಗಿರಿಯಲ್ಲಿ ನಮ್ಮದೇ ಮನೆಯಾಗಿದೆ. ಹೋದ ತಿಂಗಳು ಗೃಹಪ್ರವೇಶ. ಬಂದವರೆಲ್ಲ ಹೋದ ಮೇಲೆ ಅತ್ತೆ ಕೆಳಗಿನ ಕೋಣೆಯಲ್ಲಿ ಕಾಲು ಚಾಚಿ ಕೂತು, "ಈ ಮಂಡಿಗೆ ನ್ಯಾಮತಿ ಮನೆ ಮೆಟ್ಲು ಆಗಲ್ಲ. ಇಲ್ಲೇ ಇದ್ದುಬಿಡ್ಲೇನವ್ವ?" ಎಂದರು.

"ಇರ್ರಿ ಅತ್ತೆ, ನನಗೂ ಅದೇ ಬೇಕು," ಎಂದೆ. ಮನಸಾರೆ ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಹೊಸ ಬಣ್ಣದ ಗೋಡೆ ನೋಡುತ್ತ, "ತಡಿ, ಹಲ್ಲಿ ಏನಂತೈತೋ" ಎಂದು ಕಾದರು.

ನನ್ನ ಮಾತಿಗಿಂತ ಗೋಡೆಯ ಮಾತು ದೊಡ್ಡದೆಂದು ಕಲಿಸಿದವಳು ನಾನೇ ಅಲ್ಲವೇ. ಒಂದು ಸಲ ನಾಲಿಗೆ ಒತ್ತಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು — ಅತ್ತೆ ಉಳಿಯುತ್ತಿದ್ದರು, ಗುಟ್ಟೂ ಉಳಿಯುತ್ತಿತ್ತು. ಹೋಗಿ ಅವರೆದುರಿಗೆ ಕೂತೆ. ಅವರ ಕಣ್ಣು ನೋಡುತ್ತಲೇ, ಈ ಸಲ ಬಾಯಿ ಅಗಲಿಸಿ, ಲೊಚಗುಟ್ಟಿದೆ.

ಅವರ ಬೆರಳು ಅಭ್ಯಾಸದಿಂದ ನೆಲಕ್ಕೆ ಹೊರಟಿತು. ಅರ್ಧದಲ್ಲೇ ನಿಂತಿತು.

"ಹೊನ್ನಾಳಿ?" ಎಂದರು.

"ನಾನೇ ಅತ್ತೆ."

"ಜಗಳೂರು?"

ತಲೆಯಾಡಿಸಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಅದು ನಗುವೋ ಬೇರೆಯೋ, ನನಗೆ ಕಾಣಲಿಲ್ಲ. "ಇಷ್ಟು ವರ್ಷ ಎಲ್ಲ ಹಲ್ಲಿಗೂ ಕೈ ಮುಗಿದ್ನಲ್ಲೇ," ಎಂದರು. ಆಮೇಲೆ, "ಬಾಯಿಬಿಟ್ಟು ಒಂದ್ ಮಾತು ಹೇಳಾಕೆ ಆಗಲಿಲ್ವೇನವ್ವ ನಿನಗೆ? ನಾನು ಕೇಳಿದ್ದೆ."



ಮರುದಿನ ಬೆಳಗ್ಗೆ ನ್ಯಾಮತಿಗೆ ಹೋದರು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಕೆಳಗಿನ ಬಚ್ಚಲಿಗೆ, ಅವರ ಕೈಗೆ ಎಟುಕುವ ಎತ್ತರದಲ್ಲಿ, ಹಿತ್ತಾಳೆಯ ಚಿಲಕ ಹಾಕಿಸಿದ್ದೇನೆ. ದಿನವೂ ಫೋನ್ ಮಾಡಿ ಕರೆಯುತ್ತೇನೆ. ನಿನ್ನೆ "ಬನ್ನಿ ಅತ್ತೆ" ಎನ್ನುತ್ತಿದ್ದಂತೆ ಆ ಕಡೆಯಿಂದ ಲೊಚ್ ಲೊಚ್ ಎಂದು ಕೇಳಿಸಿತು.

"ಅದು ನಾನಲ್ಲ ಅತ್ತೆ," ಎಂದೆ.

"ಗೊತ್ತೈತೆ. ನಮ್ಮನೇದು," ಎಂದರು. "ಅದರ ಮಾತು ಬಿಡು. ನೀನು ಇನ್ನೊಂದ್ಸಲ ಹೇಳು."

ಹೇಳಿದೆ.