ಪ್ರಾರ್ಥನೆ ಅತ್ತೆ
ನಮ್ಮ ಬೀದಿಯವರೆಲ್ಲ ‘ಪ್ರಾರ್ಥನೆ ಅತ್ತೆ’ ಎಂದು ಕರೆಯುವ ಈಕೆ ಇವತ್ತಿನವರೆಗೆ ಯಾರ ಮೇಲೂ ಚಾಡಿ ಹೇಳಿದವಳಲ್ಲ. ಹೇಳಬೇಕಾದ್ದನ್ನೆಲ್ಲ ಕಣ್ಣು ಮುಚ್ಚಿ ದೇವರಿಗೇ ಹೇಳುತ್ತಾಳೆ, ಅಕ್ಕಪಕ್ಕದ ಮೂರು ಮನೆಗೆ ಕೇಳುವಂತೆ. ಚರ್ಚಿನ ಬುಧವಾರದ ಕೂಟದಲ್ಲಿ ಆಕೆ ಮೊಣಕಾಲೂರಿದಳೆಂದರೆ ನಮಗೆಲ್ಲ ಎದೆ ಡವಡವ. “ಕರ್ತನೇ, ಮಹಡಿ ಮನೆಯವನು ಮತ್ತೆ ಕುಡಿಯೋಕೆ ಶುರು ಮಾಡಿದ್ದಾನೆ, ಹೆಸರು ಹೇಳಲ್ಲ, ನಿನಗೇ ಗೊತ್ತು” ಎನ್ನುತ್ತಾಳೆ. ಬೀದಿಯಲ್ಲಿ ಮಹಡಿ ಮನೆ ಇರುವುದು ಒಂದೇ. ನನ್ನ ಕೆಲಸ ಹೋದ ಸುದ್ದಿ ನನ್ನ ಹೆಂಡತಿಗೆ ತಲುಪಿದ್ದೂ ಈಕೆಯ ಪ್ರಾರ್ಥನೆಯಿಂದಲೇ. ಯಾರಿಗಾದರೂ ಕಷ್ಟ ಬಂದರೆ ಡಾಕ್ಟರಿಗಿಂತ ಮೊದಲು ಹಾಜರಾಗಿ, “ಹೊರಲಾರದ ಭಾರ ದೇವರು ಹೊರಿಸಲ್ಲ, ಅಳಬೇಡ” ಎಂದು ಸಮಾಧಾನ ಮಾಡುತ್ತಾಳೆ, ಅವರು ಅಳುವ ತನಕ ಬಿಡುವುದಿಲ್ಲ. ಆದರೆ ತನ್ನ ಗಂಡ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಆಕೆ ಕೂಟದಲ್ಲಿ ಅದರ ಸುದ್ದಿಯನ್ನೇ ಎತ್ತಲಿಲ್ಲ. “ನೋಡಿದ್ರಾ, ಸ್ವಂತ ಮನೆ ವಿಷಯಕ್ಕೆ ಬಾಯಿಗೆ ಬೀಗ!” ಎಂದು ನಾವು ಮನಸಾರೆ ನಕ್ಕೆವು. ಮೊನ್ನೆ ಬೆಳಿಗ್ಗೆ ಏಣಿ ಕೇಳಲು ಆಕೆಯ ಮನೆಗೆ ಹೋದೆ. ಬಾಗಿಲು ತೆರೆದಿತ್ತು. ಒಳಕೋಣೆಯಲ್ಲಿ ಆಕೆ ಗಂಡನ ಒದ್ದೆ ಬಟ್ಟೆ ಬದಲಿಸಿ, ಮಂಚಕ್ಕೆ ಒರಗಿ ನೆಲದ ಮೇಲೆ ಕುಸಿದಿದ್ದಳು. ನನ್ನನ್ನು ನೋಡಲಿಲ್ಲ. “ಅಪ್ಪಾ, ಇವರನ್ನ ಒಂದ್ಸಲ ಎತ್ತಿ ಕೂರಿಸೋಷ್ಟು ಬಲ ಕೊಡು, ಸಾಕು. ಮಧ್ಯಾಹ್ನದ್ದು ಮಧ್ಯಾಹ್ನ ಕೇಳ್ತೀನಿ” ಎಂದು ಕಣ್ಣು ಮುಚ್ಚಿ ಪಿಸುಗುಟ್ಟಿದಳು. ಮಂಚ ಹಿಡಿದು ಎದ್ದಳು. ತನ್ನ ಎರಡರಷ್ಟು ತೂಕವಿದ್ದ ಆ ಮನುಷ್ಯನ ಕಂಕುಳಿಗೆ ಕೈ ಕೊಟ್ಟು, ಹಲ್ಲು ಕಚ್ಚಿ, ಎತ್ತಿಯೇ ಕೂರಿಸಿದಳು.