ಸಂಕಷ್ಟಿಯ ಎರಡು ದಾಸವಾಳ

ಸಂಕಷ್ಟಿಯ ಬೆಳಗಿನ ಹೊತ್ತು ಹೂಬತ್ತಿ ಹೊಸೆಯುತ್ತ ಕೂತಿದ್ದೆ. ಮಗಳು ಕಾಲೇಜಿಗಾಗಿ ಓದುತ್ತಿದ್ದ ಕಾದಂಬರಿಯ ಕಥೆ ಹೇಳುತ್ತಿದ್ದಳು. ಮುಂದೆಂದೋ ಬರುವ ಕಾಲದ ಒಂದು ಊರು, ಓಣಿ ಓಣಿಗೂ ಕ್ಯಾಮೆರಾ. ಸಿಕ್ಕಿಬಿದ್ದವರು ಇನ್ನೊಬ್ಬರ ಹೆಸರು ಹೇಳಿದರೆ ಬಿಡುಗಡೆ. ಹೀಗೆ ಅಣ್ಣ ತಮ್ಮನನ್ನು, ಗೆಳತಿ ಗೆಳತಿಯನ್ನು ಹಿಡಿದುಕೊಡುತ್ತ ಹೋಗುತ್ತಾರಂತೆ.

"ಬಾಯಿ ಬಿಡಲಾರದಾಕಿ ಒಬ್ಬಾಕಿನೂ ಇಲ್ಲೇನ ಆ ಊರಾಗ?" ಎಂದೆ.

"ಇಲ್ಲವ್ವಾ. ಇದ್ರ ಕಥಿ ಅಲ್ಲೇ ಮುಗದ ಹೋಗ್ತದ."

ಅಷ್ಟರಲ್ಲಿ ಎದುರುಮನೆಯಾಕೆ ಬಾಗಿಲಿಗೆ ಬಂದರು. "ಕೇಳಿದ್ರೇನ್ರಿ? ಹೂವಿನ ಕಳ್ಳಿ ಸಿಕ್ಕಾಳ. ನಿಮ್ಮ ಮನಿ ಭಾಂಡಿ ತಿಕ್ಕಾಕಿನ! ಕೆಳಗ ಆಫೀಸಿನಾಗ ನಿಂದ್ರಿಸ್ಯಾರ. ನಾಳಿಂದ ಆಕೀನ್ನ ಗೇಟಿನ ಒಳಗ ಬಿಡೂದಿಲ್ಲಂತ."

ಬತ್ತಿ ಕೈಯಲ್ಲೇ ಉಳಿಯಿತು. ಬಿಬವೇವಾಡಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ತೋಟದಲ್ಲಿ ಹೂ ಕಳುವಾಗುತ್ತಿವೆ, ಕ್ಯಾಮೆರಾ ಹಾಕಿಸಬೇಕು ಎಂದು ಸಭೆಯಲ್ಲಿ ಮಾತು ಬಂದಾಗ ಮೊದಲು ಕೈ ಎತ್ತಿದವಳು ನಾನು. ಅವುಗಳಲ್ಲಿ ಕೆಲವು ನಮ್ಮ ಗಣಪತಿಯ ಮುಡಿಗೇ ಏರುತ್ತಿದ್ದವು. ದೇವರಿಗೆ ಒಯ್ದದ್ದು ಕಳವು ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಪ್ರತಿ ಸಂಕಷ್ಟಿಗೂ, "ಬರೂ ಮುಂದ ಎರಡ ದಾಸಾಳ ಹರಕೊಂಡ ಬಾರವಾ" ಎಂದು ಆಕೆಗೇ ಹೇಳುತ್ತಿದ್ದೆ. ಯಾದಗಿರಿ ಕಡೆಯಾಕೆ. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಆಕೆಗೆ ನಮ್ಮ ಕಟ್ಟಡದಲ್ಲೇ ಐದು ಮನೆಗಳಲ್ಲಿ ಪಾತ್ರೆ ತಿಕ್ಕುವ ಕೆಲಸ. ಗೇಟು ಮುಚ್ಚಿದರೆ ಐದೂ ಹೋದವು.

ಸುಮ್ಮನಿರಬಹುದಿತ್ತು. ಕ್ಯಾಮೆರಾದಲ್ಲಿ ಕಂಡದ್ದು ಆಕೆಯ ಕೈ, ಹೇಳಿ ಕಳಿಸಿದ ನನ್ನ ಬಾಯಿ ಅಲ್ಲ. ದೇವರ ಕಡೆ ನೋಡಿದೆ. ಹಾಗೆ ಕೂತಿರಲು ಆಗಲಿಲ್ಲ. ಮೆಟ್ಟಿಲ ಪಕ್ಕದ ಕಠಡಾ ಹಿಡಿದು ಮೂರು ಮಜಲು ಇಳಿದೆ.

ಮೇಜಿನ ಮೇಲೆ ಎರಡು ದಾಸವಾಳ ಬಾಡುತ್ತಿದ್ದವು. ಸೊಸೈಟಿಯ ಚೇರಮನ್ನರು ಆಕೆಯನ್ನು ಮರಾಠಿಯಲ್ಲಿ ಕೇಳುತ್ತಿದ್ದರು: "ಯಾರು ಕೀಳಲು ಹೇಳಿದರು? ಹೆಸರು ಹೇಳು, ಬಿಟ್ಟುಬಿಡುತ್ತೇನೆ."

"ಯಾರೂ ಇಲ್ಲ ಸಾಹೇಬ. ನನ್ನ ಮನೆ ದೇವರಿಗೆ," ಎಂದು ಆಕೆ ತನಗೆ ಬಂದಷ್ಟು ಮರಾಠಿಯಲ್ಲೇ ಹೇಳಿದಳು. ನನ್ನನ್ನು ಕಂಡು, ಮಾತಾಡಬೇಡಿ ಎಂಬಂತೆ ತಲೆ ಅಲ್ಲಾಡಿಸಿದಳು.

"ನಾನೇ ಹೇಳಿದ್ದು," ಎಂದೆ.

ಚೇರಮನ್ನರು ಕನ್ನಡಕ ತೆಗೆದರು. "ವಹಿನಿ, ಕ್ಯಾಮೆರಾ ಬೇಕೆಂದು ಮೊದಲು ಕೈ ಎತ್ತಿದವರು ನೀವೇ ಅಲ್ಲವೇ?"

"ಹೌದು. ನೋಡಿ, ಒಳ್ಳೆಯ ಕ್ಯಾಮೆರಾವನ್ನೇ ತಂದಿದ್ದೀರಿ. ನಿಜವಾದ ಕಳ್ಳಿಯನ್ನೇ ಇಲ್ಲಿಗೆ ಕರಕೊಂಡು ಬಂತು."

ಅವರಿಗೆ ನಗು ತಡೆಯಲಾಗಲಿಲ್ಲ. ಆದರೂ ಬಿಡಲಿಲ್ಲ. ಸೊಸೈಟಿಯ ಗ್ರೂಪಿನಲ್ಲಿ ನನ್ನ ಹೆಸರು ಹಾಕಿ ತಪ್ಪೊಪ್ಪಿಗೆ ಬರೆಯಬೇಕು, ಆಮೇಲೆಯೇ ಕಸಿದುಕೊಂಡ ಆಕೆಯ ಗೇಟ್ ಪಾಸು ವಾಪಸು ಎಂದರು. ಅಲ್ಲೇ ನಿಂತು ಮರಾಠಿಯಲ್ಲಿ ಬರೆದೆ. ಒಮ್ಮೆ ಓದಿ ಕಳಿಸಿದೆ. ಪಾಸು ಆಕೆಯ ಕೈಗೆ ಬಂತು.

ಮೆಟ್ಟಿಲು ಹತ್ತುವಾಗ ಕೇಳಿದೆ: "ನನ್ನ ಹೆಸರ ಯಾಕ ಹೇಳಲಿಲ್ಲವಾ?"

"ಹೇಳಿದ್ರ ನಿಮ್ಮನ್ನ ಕೆಳಗ ಕರಸ್ತಿದ್ರು ಅಕ್ಕಾರ. ಆ ಮೊಣಕಾಲು ಕಟಗೊಂಡು ಇಳಿಲಾಕ ಆಗ್ತದೇನ್ರಿ ನಿಮಗ?"

ಅವತ್ತು ಗಣಪತಿಗೆ ಗರಿಕೆಯಷ್ಟೇ ಸಿಕ್ಕಿತು. ಹತ್ತಿಳಿದರೂ ಮೊಣಕಾಲು ಕೈಕೊಡಲಿಲ್ಲ, ಅದೂ ಅವನ ದಯೆಯೇ. ಆಕೆ ಭಾಂಡಿ ತಿಕ್ಕಲು ಕೂತಳು. ಉಪವಾಸದ ಸಾಬೂದಾಣಿ ಅಷ್ಟರಲ್ಲಿ ನೆನೆದು ಅರಳಿತ್ತು. ನಾನು ಬಾಣಲೆ ಇಟ್ಟು ಶೇಂಗಾ ಹುರಿಯತೊಡಗಿದೆ.