ಬೆಂಕಿ ಕೇಳದ ಇಬ್ಬರು

ಮೂಟೆ ಕೈಜಾರಿತೋ, ಅವನು ಬೇಕೆಂದೇ ಬಿಟ್ಟನೋ? ನನಗೆ ಗೊತ್ತಿಲ್ಲ. ಇವತ್ತು ಹೀಗೆ ಬರೆಯುತ್ತಿದ್ದೇನೆ. ಹದಿನೈದು ದಿನದ ಹಿಂದೆ ಕೇಳಿದಾಗ ಮಾತ್ರ ಗೊತ್ತು ಎಂದು ಹೇಳಿಬಿಟ್ಟಿದ್ದೆ. ನನ್ನ ಆ ಒಂದು ಮಾತಿನ ಮೇಲೆ ಒಬ್ಬನ ಕೆಲಸ ಹೋಗಿದೆ.

ನಡೆದದ್ದು ಕಲ್ಯಾಣದುರ್ಗದಲ್ಲಿ, ನನ್ನ ಭಾವನ ಕಡಲೆಕಾಯಿ ಮಿಲ್ಲಿನಲ್ಲಿ. ಭಾವ ಒಂದು ಮದುವೆಗೆ ಹೋಗಬೇಕಿತ್ತು. ಮೇಸ್ತ್ರಿ ಓಬಳಪ್ಪನಿಗೆ ಜ್ವರ. ‘ಎರಡು ದಿನ ಬಂದು ಕೂತ್ಕೋ, ಓದಿದವನು ನೀನು’ ಎಂದು ಭಾವ ಹಿಂದೂಪುರಕ್ಕೆ ಹೇಳಿಕಳಿಸಿದರು. ಬಸ್ಸು ಹತ್ತಿದೆ. (ಮದರಾಸಿನಲ್ಲಿ ನಾನು ಓದಿದ್ದು ತರ್ಕಶಾಸ್ತ್ರ. ಅದಕ್ಕೂ ಕಡಲೆಕಾಯಿಗೂ ಏನು ಸಂಬಂಧ ಎಂದು ಭಾವ ಕೇಳಲಿಲ್ಲ. ನಾನೂ ಹೇಳಲಿಲ್ಲ.)

ಎರಡನೆಯ ದಿನ ಹನ್ನೊಂದರ ಹೊತ್ತಿಗೆ ಲಾರಿಗೆ ಮೂಟೆ ತುಂಬುತ್ತಿದ್ದರು. ಈ ಕೆಲಸಕ್ಕೆ ಜೋಡಿ ಬೇಕು. ಒಬ್ಬ ಮೂಟೆಗಳ ಅಟ್ಟಿಯ ಮೇಲೆ ನಿಲ್ಲುತ್ತಾನೆ. ಇನ್ನೊಬ್ಬ ಕೆಳಗೆ ಬೆನ್ನು ಬಗ್ಗಿಸಿ ನಿಲ್ಲುತ್ತಾನೆ. ಮೇಲಿನವನು ‘ಹೂಂ’ ಎಂದು ಕೂಗಿ ಮೂಟೆ ಬಿಡಬೇಕು. ಕೆಳಗಿನವನಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಆ ಕೂಗೇ ಅವನ ಕಣ್ಣು.

ಮೇಲೆ ಇದ್ದವನು ತಿಪ್ಪೇಸ್ವಾಮಿ, ಬ್ರಹ್ಮಸಮುದ್ರದ ಕಡೆಯವನು. ಕೆಳಗೆ ನರಸಿಂಹ. ಮೂಟೆ ಬಂತು. ಬೆನ್ನಿಗೆ ಬರುವ ಬದಲು ಕುತ್ತಿಗೆಗೆ ಬಂತು. ನರಸಿಂಹ ಮಂಡಿಯೂರಿ ಬಿದ್ದ. ತಿಪ್ಪೇಸ್ವಾಮಿ ಅಟ್ಟಿಯಿಂದ ಇಳಿದು ಓಡಿಬಂದ. ಎಬ್ಬಿಸಲು ಬಂದನೋ, ಹೊಡೆಯಲು ಬಂದನೋ? ಅಷ್ಟರಲ್ಲಿ ನರಸಿಂಹನ ಕೈಯಲ್ಲಿ ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಇತ್ತು. ತಿಪ್ಪೇಸ್ವಾಮಿಯ ಮುಂಗೈ ಮೊಣಕೈವರೆಗೆ ಸೀಳಿತು.

ಮರುದಿನ ಭಾವ ಬಂದರು. ‘ಮೊದಲು ಕಿತಾಪತಿ ಮಾಡಿದವನು ಯಾರು?’ ಎಂದು ಕೇಳಿದರು. ಸುತ್ತ ನಿಂತಿದ್ದ ಆಳುಗಳು ಹೇಳಿದರು: ತಿಪ್ಪೇಸ್ವಾಮಿಯ ತಮ್ಮನಿಗೆ ಪರಿಗಿಯಲ್ಲಿ ನಿಶ್ಚಯವಾಗಿದ್ದ ಹೆಣ್ಣು ತಪ್ಪಿಹೋಗಿತ್ತಂತೆ, ನರಸಿಂಹನೇ ಅಲ್ಲಿ ಏನೋ ಕಿವಿಯೂದಿದನಂತೆ, ಇಬ್ಬರೂ ಮಾತು ಬಿಟ್ಟು ವಾರವಾಗಿತ್ತಂತೆ. ಇಷ್ಟು ಕೇಳಿದ ಮೇಲೆ ನನಗೆ ಎಲ್ಲ ಸ್ಪಷ್ಟವಾಗಿ ಕಂಡುಬಿಟ್ಟಿತು. ‘ಅವನು ಕೂಗಲೇ ಇಲ್ಲ. ಬೇಕೆಂದೇ ಬಿಟ್ಟ’ ಎಂದೆ. ಕೈಗೆ ಹೊಲಿಗೆ ಹಾಕಿಸಿಕೊಂಡವನನ್ನೇ ಕೆಲಸದಿಂದ ತೆಗೆದರು.

ಹಿಂದೂಪುರಕ್ಕೆ ವಾಪಸ್ಸು ಬರುವ ಬಸ್ಸಿನಲ್ಲೇ ತಳಮಳ ಶುರುವಾಯಿತು. ನಾನು ಕೂತಿದ್ದು ಆಫೀಸಿನ ಮೇಜಿನ ಮುಂದೆ. ಸಿಪ್ಪೆ ಬಿಡಿಸುವ ಮಿಷಿನ್ ಓಡುತ್ತಿದ್ದರೆ ಅಲ್ಲಿಗೆ ಕೂಗು ಕೇಳುತ್ತದೆಯೇ? ಮಿಷಿನ್ ಓಡುತ್ತಿತ್ತೇ? ಕೂಗು ಬರಲಿಲ್ಲ ಎನ್ನುವುದು ಅವತ್ತೇ ನನ್ನ ಕಿವಿಗೆ ತಿಳಿದಿತ್ತೋ, ಜಗಳದ ಕಾರಣ ತಿಳಿದ ಮೇಲೆ ಹಾಗೆ ಅನ್ನಿಸಿತೋ?

ಮುಂದಿನ ವಾರ ಮತ್ತೆ ಹೋದೆ. ಓಬಳಪ್ಪ ಜ್ವರ ಬಿಟ್ಟು ಕೆಲಸಕ್ಕೆ ಬಂದಿದ್ದ.

‘ಅವರಿಬ್ಬರ್ನ ಜೋಡಿ ಹಾಕಿದ್ದು ಯಾರು ಸಾಮಿ?’ ಎಂದು ಅವನೇ ಕೇಳಿದ.

‘ನಾನು. ನಿನ್ನ ಪಟ್ಟಿಯಲ್ಲಿ ಇದ್ದ ಹಾಗೇ.’

‘ಬೀಡಿ ನೋಡ್ಲಿಲ್ವಾ?’

‘ಯಾವ ಬೀಡಿ?’

ಓಬಳಪ್ಪ ನನ್ನನ್ನು ಕರುಣೆಯಿಂದ ನೋಡಿದ. ‘ಬೆಳಗ್ಗೆ ಗೇಟಿನ ಆಚೆ ಒಬ್ಬ ಕಡ್ಡಿ ಗೀರ್ತಾನೆ. ಮಿಕ್ಕೋರೆಲ್ಲ ಅವನ ಬೀಡಿಯಿಂದ ಹಚ್ಕೊಂತಾರೆ. ಪಕ್ಕದೋನ ತಾವ ಬೆಂಕಿ ಇದ್ರೂ ಯಾವೋನು ತನ್ನ ಕಡ್ಡಿ ತಾನೇ ಗೀರ್ತಾನೋ, ಅವನಿಗೂ ಪಕ್ಕದೋನಿಗೂ ಜಗಳ ಆಗೈತೆ ಅಂತ್ಲೇ. ಅವತ್ತು ಅವರನ್ನ ಜೋಡಿ ಹಾಕ್ಬಾರ್ದು ಸಾಮಿ. ಒಬ್ಬನ್ನ ಜರಡಿಗೆ ಕಳ್ಸ್ಬೇಕು, ಒಬ್ಬನ್ನ ಲಾರಿಗೆ ಕಳ್ಸ್ಬೇಕು. ನಾಕು ದಿನಕ್ಕೆ ಅವರೇ ಬೆಂಕಿ ಕೇಳ್ಕೊಂತಾರೆ.’

‘ಇದನ್ನು ಪಟ್ಟಿಯಲ್ಲಿ ಬರೆಯಬಾರದಿತ್ತೇ?’

‘ನಂಗೆ ಬರೆಯಾಕೆ ಬಂದಿದ್ರೆ ಮೇಸ್ತ್ರಿ ಯಾಕಾಯ್ತಿದ್ದೆ ಸಾಮಿ, ನಿಮ್ಮಂಗೆ ಕುರ್ಚಿ ಮ್ಯಾಲೆ ಕೂತಿರ್ತಿದ್ದೆ. ಆ ಪಟ್ಟಿ ಗುಮಾಸ್ತಂದು.’

ಅವನ ಮೇಸ್ತ್ರಿಗಿರಿಯಲ್ಲಿ ಒಂದು ಸಲವೂ ಕೊಕ್ಕೆ ಮೇಲೆದ್ದಿಲ್ಲವಂತೆ. (ಇದು ಅವನ ಮಾತು. ನಾನು ನೋಡಿಲ್ಲ.) ಆದರೂ ಯೋಚಿಸಿ. ನಮ್ಮ ಆಫೀಸುಗಳಲ್ಲಿ ನಾವು ಮಾಡುವುದೇನು? ಮಾತು ಬಿಟ್ಟ ಇಬ್ಬರು ಗುಮಾಸ್ತರನ್ನು ಒಂದೇ ಮೇಜಿಗೆ ಕೂರಿಸಿ ‘ಹೊಂದಿಕೊಂಡು ಹೋಗಿ’ ಎನ್ನುತ್ತೇವೆ. ಮಸಿಕುಡಿಕೆ ಹಾರಿದ ಮೇಲೆ ಮೆಮೊ ಕೊಡುತ್ತೇವೆ. ಮೊದಲು ಕೈ ಎತ್ತಿದವನು ಯಾರು ಎಂದು ವಿಚಾರಣೆ. ಕೈ ಏಳುವ ಮುಂಚೆ ಅಲ್ಲಿ ನೋಡುವುದಕ್ಕೆ ಯಾರಿದ್ದರು ಎಂಬ ವಿಚಾರಣೆ ಎಲ್ಲಾದರೂ ನಡೆದಿದೆಯೇ?

ಭಾವನ ಹತ್ತಿರ ಹೋಗಿ ನನಗೆ ಅನುಮಾನ ಬಂದಿದೆ ಎಂದೆ.

‘ಅವತ್ತು ಗೊತ್ತು ಅಂದೆ, ಇವತ್ತು ಅನುಮಾನ ಅಂತೀಯ. ನಿನ್ನ ಅನುಮಾನ ಕಟ್ಟಿಕೊಂಡು ನಾನು ಮಿಲ್ಲು ನಡೆಸೋಕಾಗಲ್ಲಪ್ಪ. ಖಾತ್ರಿ ಇರೋದು ಒಂದು ಹೇಳು. ತಿಪ್ಪೇಸ್ವಾಮಿನ್ನ ನಾಳೆನೇ ಕರೆಸ್ತೀನಿ’ ಎಂದರು. ನ್ಯಾಯವಾದ ಮಾತು. ನನ್ನ ಹತ್ತಿರ ಖಾತ್ರಿ ಇರುವುದು ಒಂದೂ ಇರಲಿಲ್ಲ.

ಆಫೀಸಿನ ಬಾಗಿಲ ಪಕ್ಕದಲ್ಲಿ ಬೀಜ ಆರಿಸುವ ಲಕ್ಷ್ಮಮ್ಮ ಅವತ್ತೂ ಅಲ್ಲೇ ಕೂತಿದ್ದಳು. ಕೂಗು ಕೇಳಿಸಿತೇ ಎಂದು ಕೇಳಿದೆ.

‘ನಂಗೇನು ಗೊತ್ತಪ್ಪ, ನಾನು ಕಲ್ಲು ಆರಿಸ್ತಿದ್ದೆ. ನಿಮಗೆ ಕೇಳಿಸ್ಲಿಲ್ಲ ಅಂತ ಊರೆಲ್ಲ ಯೋಳ್ತಾರೆ. ನಿಮ್ಮ ಕಿವಿ ಬಲು ಜೋರು ಬಿಡಿ’ ಎಂದು ಮೊರದಲ್ಲಿ ಬೀಜ ಕೇರಿದಳು. ಮೊರ ಕೆಳಗಿಟ್ಟು, ‘ಹನ್ನೊಂದು ಗಂಟೇದು ಯಾಕೆ ಕೇಳ್ತೀರಾ? ಬೆಳಗ್ಗೇದು ಕೇಳ್ರಿ. ನನ್ನ ಬ್ಯಾಡ, ನರಸಿಂಹನ್ನ ಕೇಳ್ರಿ’ ಎಂದಳು.

ನರಸಿಂಹ ಜರಡಿಯ ಹತ್ತಿರ ಇದ್ದ. ಕತ್ತು ಇನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ. ತಿಪ್ಪೇಸ್ವಾಮಿಯ ಪರ ಮಾತಾಡಲು ಅವನಿಗೆ ಯಾವ ಕಾರಣವೂ ಇರಲಿಲ್ಲ. ಅವತ್ತು ಬೆಳಗ್ಗೆ ಏನಾಯಿತು ಎಂದು ಕೇಳಿದ್ದಕ್ಕೆ ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿದ.

‘ಅವನು ನಿಮ್ಮ ತಾವ ಬಂದಿದ್ನಲ್ಲ ಸಾಮಿ. ನಾನು ಹಿಂದೇನೇ ನಿಂತಿದ್ದೆ. ನೀವು ಪೇಪರು ಓದ್ತಾ ಇದ್ರಿ.’

ಇದು ನನಗೆ ನೆನಪಿಲ್ಲ. ಈಗಲೂ ಇಲ್ಲ. ಲಕ್ಷ್ಮಮ್ಮನನ್ನು ಮತ್ತೆ ಕೇಳಿದೆ. ಅವತ್ತು ಬೆಳಗ್ಗೆಯೇ ಬಂದು ನಿಂತಿದ್ದ ಲಾರಿಯ ಡ್ರೈವರನನ್ನು ಹುಡುಕಿಕೊಂಡು ಹೋಗಿ ಬೇರೆಯಾಗಿ ಕೇಳಿದೆ. ಅವನು ತೆಲುಗಿನಲ್ಲಿ ಹೇಳಿದ್ದೂ ಅದನ್ನೇ. ಅದನ್ನೇ ಭಾವನಿಗೆ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ: ಅವತ್ತು ಬೆಳಗ್ಗೆ ಕೆಲಸ ಶುರುವಾಗುವ ಮುಂಚೆ ‘ಇವತ್ತು ನಮ್ಮಿಬ್ಬರ್ನ ಜೋಡಿ ಹಾಕ್ಬ್ಯಾಡಿ’ ಎಂದು ತಿಪ್ಪೇಸ್ವಾಮಿ ನನ್ನನ್ನು ಎರಡು ಸಲ ಕೇಳಿದ್ದ.